ಪಿಕಪ್‌ಗೆ ದೊಡ್ಡ ಡೀಸೆಲ್ ಟ್ಯಾಂಕ್: ಶೀಟ್ ಕತ್ತರಿಸುವ ಮುನ್ನ ಮಾಡಬೇಕಾದ ಲೆಕ್ಕ

ಇಸುಝು ವಿ-ಕ್ರಾಸ್‌ನ ಹಳೆಯ 2.5 ಲೀಟರ್ ಎಂಜಿನ್ ಮಾದರಿಗೆ 76 ಲೀಟರ್ ಟ್ಯಾಂಕ್ ಇತ್ತು. ಈಗಿನ 1.9 ಲೀಟರ್ ಎಂಜಿನ್ ಗಾಡಿಗೆ ಇರುವುದು 55 ಲೀಟರ್. 2022ರಲ್ಲಿ ಭಾರತಕ್ಕೆ ಬಂದ, ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೋಟಾ ಹೈಲಕ್ಸ್‌ಗೆ 80 ಲೀಟರ್. ಇದೇ ಹೈಲಕ್ಸ್‌ಗೆ ಆಸ್ಟ್ರೇಲಿಯಾದಲ್ಲಿ 140 ಲೀಟರ್ ಆಸುಪಾಸಿನ ಟ್ಯಾಂಕ್ ಕೂರಿಸಿಕೊಂಡು ಮರುಭೂಮಿ ದಾಟುವುದನ್ನು ಕಂಡವರಿಗೆ, ನಮ್ಮ ಗಾಡಿಗೂ ಹಾಕಿಸಿದರೆ ಹೇಗೆ ಎನ್ನಿಸುವುದು ಸಹಜ. ಶೀಟ್ ಬಾಗಿಸಿ ವೆಲ್ಡ್ ಮಾಡುವ ಅಂಗಡಿ ಈಗ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇದೆ. 100 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 28 ಸೆಂ.ಮೀ. ಎತ್ತರದ ಪೆಟ್ಟಿಗೆ ಕಟ್ಟಿದರೆ 140 ಲೀಟರ್ ಆಯಿತು.

ಈ ಇಡೀ ಕೆಲಸದಲ್ಲಿ ಪೆಟ್ಟಿಗೆ ಕಟ್ಟುವುದೇ ಅತಿ ಸುಲಭದ ಭಾಗ. ಟ್ಯಾಂಕ್‌ಗೆ ಗಾಳಿ ಹೇಗೆ ಹೋಗಿ ಬರುತ್ತದೆ, ಘಾಟಿಯಲ್ಲಿ ಕೊನೆಯ 20 ಲೀಟರ್ ಪಂಪಿನ ಬಾಯಿಗೆ ಸಿಗುತ್ತದೆಯೇ, ಮೀಟರಿನ ಮುಳ್ಳು ನಿಜ ಹೇಳುತ್ತದೆಯೇ, ಸೈಲೆನ್ಸರ್ ಬಿಸಿ ಎಷ್ಟು ದೂರದಲ್ಲಿದೆ, ಆರ್‌ಸಿ ಮತ್ತು ವಿಮೆ ಏನಾಗುತ್ತವೆ: ಕೆಲಸ ಕೆಡುವುದು ಈ ಜಾಗಗಳಲ್ಲಿ. ಅದಕ್ಕೂ ಮೊದಲು, ಅಷ್ಟು ಡೀಸೆಲ್ ನಿಜಕ್ಕೂ ಬೇಕೇ ಎಂದು ನೋಡಬೇಕು.

ಎಷ್ಟು ಕಿಲೋಮೀಟರ್, ಎಷ್ಟು ಕೆಜಿ

ಲೀಟರಿಗೆ 10 ಕಿ.ಮೀ. ಎಂದು ಹಿಡಿದರೂ ಹೈಲಕ್ಸ್ 80 ಲೀಟರಿನಲ್ಲಿ 800 ಕಿ.ಮೀ. ಓಡುತ್ತದೆ. 10 ಲೀಟರ್ ಮೀಸಲು ಬಿಟ್ಟರೆ 700. ಬೆಂಗಳೂರಿನಿಂದ ಬೀದರ್‌ವರೆಗೆ ಹೆಚ್ಚುಕಡಿಮೆ ಅಷ್ಟೇ ದೂರ. ವಿ-ಕ್ರಾಸ್‌ನ 55 ಲೀಟರಿನಲ್ಲಿ 8 ಲೀಟರ್ ಮೀಸಲಿಟ್ಟು, ಲೀಟರಿಗೆ 12ರಂತೆ ಲೆಕ್ಕ ಹಾಕಿದರೆ 560 ಕಿ.ಮೀ. ನಮ್ಮ ಹೆದ್ದಾರಿಗಳಲ್ಲಿ ಅಷ್ಟು ದೂರ ಬಂಕ್ ಸಿಗದ ದಾರಿಯೇ ಇಲ್ಲ.

ಬಂಕ್ ಸಿಗದ ದಾರಿಗೆ ನಮ್ಮಲ್ಲಿ ಎಲ್ಲರೂ ಕೊಡುವ ಉದಾಹರಣೆ ಮನಾಲಿ–ಲೇಹ್ ರಸ್ತೆ. ಲಾಹೋಲ್‌ನ ತಾಂಡಿ ಬಂಕಿನಲ್ಲಿ ‘ಮುಂದಿನ ಬಂಕ್ 365 ಕಿ.ಮೀ.’ ಎಂಬ ಫಲಕ ಬಹಳ ಹೆಸರುವಾಸಿ. ಎತ್ತರದ ಕಣಿವೆಗಳಲ್ಲಿ ಮೈಲೇಜ್ 8ಕ್ಕೆ ಇಳಿಯಿತು ಎಂದುಕೊಂಡರೂ 365 ಕಿ.ಮೀ.ಗೆ ಬೇಕಾಗುವುದು 46 ಲೀಟರ್. ಕಂಪನಿ ಕೊಟ್ಟ 55 ಲೀಟರ್ ಟ್ಯಾಂಕ್ ಅದನ್ನು ದಾಟಿಸುತ್ತದೆ. ದಾರಿ ಕುಸಿದು ಹಿಂದಿರುಗಬೇಕಾದರೆ ಇರಲಿ ಎಂದು 20 ಲೀಟರಿನ ಒಂದು ಕ್ಯಾನ್ ಸಾಕು. ಲೇಹ್‌ನಿಂದ ಹಾನ್ಲೆ, ತ್ಸೋ ಮೊರಿರಿ ಕಡೆ ಸುತ್ತುವವರಿಗೆ ಎರಡು ಕ್ಯಾನ್ ಬೇಕಾದೀತು. ಅಲ್ಲಿಗೂ 140 ಲೀಟರ್ ಬೇಕಿಲ್ಲ.

ಇನ್ನೊಂದು ಆಸೆ ಗಡಿ ವ್ಯಾಪಾರದ್ದು. ಕರ್ನಾಟಕ ಸರ್ಕಾರ 2025ರ ಏಪ್ರಿಲ್ 1ರಿಂದ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿದಾಗ ಬೆಂಗಳೂರಿನ ದರ 91 ರೂಪಾಯಿ ಆಸುಪಾಸಿಗೆ ಬಂತು. ಆಗಲೂ ಅದು ಕೇರಳ, ತೆಲಂಗಾಣ, ಆಂಧ್ರಕ್ಕಿಂತ ಕಡಿಮೆಯೇ ಇತ್ತು. ಗಡಿ ದಾಟುವ ಮುನ್ನ ಇಲ್ಲೇ ಫುಲ್ ಮಾಡಿಸುವುದು ಲಾರಿಯವರ ಹಳೆಯ ರೂಢಿ. ಪಿಕಪ್‌ನ ಲೆಕ್ಕ ನೋಡಿ: ಲೀಟರಿಗೆ 4 ರೂಪಾಯಿ ಉಳಿತಾಯ, ಹೆಚ್ಚುವರಿ 60 ಲೀಟರ್ ಎಂದರೆ ಪ್ರತಿ ಸಲ 240 ರೂಪಾಯಿ. ಟ್ಯಾಂಕ್, ಜೋಡಣೆ ಎಲ್ಲ ಸೇರಿ 60,000 ರೂಪಾಯಿ ಬಿತ್ತು ಎಂದುಕೊಂಡರೆ ಆ ದುಡ್ಡು ಮರಳಲು 250 ಸಲ ಗಡಿಯಲ್ಲಿ ಫುಲ್ ಮಾಡಿಸಬೇಕು. 140 ಲೀಟರ್ ಟ್ಯಾಂಕ್ ಒಂದು ಸಲಕ್ಕೆ ಸಾವಿರ ಕಿಲೋಮೀಟರ್ ಮೀರಿ ಓಡಿಸುವುದರಿಂದ, ಅಷ್ಟರಲ್ಲಿ ಗಾಡಿ ಎರಡೂವರೆ ಲಕ್ಷ ಕಿ.ಮೀ. ದಾಟಿರುತ್ತದೆ. ನಮ್ಮ ಹೆಚ್ಚಿನ ಬಳಕೆದಾರರಿಗೆ ಹಣದ ಲೆಕ್ಕದಲ್ಲಿ ಇದು ನಿಲ್ಲುವುದಿಲ್ಲ.

ತೂಕದ ಲೆಕ್ಕವನ್ನು ಯಾರೂ ಮಾಡುವುದಿಲ್ಲ, ಮಾಡಬೇಕಾದದ್ದು ಅದನ್ನೇ. ಡೀಸೆಲ್ ಲೀಟರಿಗೆ ಸುಮಾರು 0.83 ಕೆಜಿ ತೂಗುತ್ತದೆ. 80 ಲೀಟರ್ ಎಂದರೆ 66 ಕೆಜಿ, 140 ಲೀಟರ್ ಎಂದರೆ 116 ಕೆಜಿ. ಡೀಸೆಲ್ಲೇ 50 ಕೆಜಿ ಹೆಚ್ಚಾಯಿತು. ಪ್ಲಾಸ್ಟಿಕ್ ಟ್ಯಾಂಕ್ ತೆಗೆದು 2 ಮಿ.ಮೀ. ಉಕ್ಕಿನ ಟ್ಯಾಂಕ್, ಅದರ ಪಟ್ಟಿ, ಕೆಳಗಿನ ರಕ್ಷಣಾ ಫಲಕ ಹಾಕಿದರೆ ಇನ್ನೂ 20–30 ಕೆಜಿ ಸೇರುತ್ತದೆ. ಒಬ್ಬ ದಪ್ಪ ಪ್ರಯಾಣಿಕನ ತೂಕ ಸದಾಕಾಲ ಗಾಡಿಯಲ್ಲಿ ಕೂತ ಹಾಗೆ. ಗಾಡಿಗೆ ಅಂಟಿಸಿದ ಕಂಪನಿ ಫಲಕದ ಮೇಲೆ ಬರೆದ ಗರಿಷ್ಠ ಒಟ್ಟು ತೂಕದಿಂದ ಆರ್‌ಸಿಯ ಖಾಲಿ ತೂಕ ಕಳೆಯಿರಿ, ಉಳಿದದ್ದರಲ್ಲಿ ಐದು ಜನ, ಕ್ಯಾನೋಪಿ, ಮೇಲಿನ ಟೆಂಟ್, ಉಕ್ಕಿನ ಬಂಪರ್, ವಿಂಚ್ ಎಲ್ಲವನ್ನೂ ಕಳೆಯಿರಿ. ಲೈಫ್‌ಸ್ಟೈಲ್ ಪಿಕಪ್ ಎಂದು ಮಾರುವ ಗಾಡಿಗಳಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ ಎಂದು ನೋಡಿ ಹಲವರು ಬೆಚ್ಚುತ್ತಾರೆ. ಲೀಫ್ ಸ್ಪ್ರಿಂಗ್‌ಗೆ ಇನ್ನೊಂದು ಪಟ್ಟಿ ಸೇರಿಸಿದರೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ಆದರೆ ಆಕ್ಸಲ್, ಬೇರಿಂಗ್, ಬ್ರೇಕುಗಳ ಮಿತಿ ಇದ್ದಲ್ಲೇ ಇರುತ್ತದೆ.

ಬೇರೆ ದೇಶಗಳಲ್ಲಿ ಇದು ಏಕೆ ಬೆಳೆಯಿತು

ಪಶ್ಚಿಮ ಆಸ್ಟ್ರೇಲಿಯಾದ ಕ್ಯಾನಿಂಗ್ ಸ್ಟಾಕ್ ರೂಟ್ ಸುಮಾರು 1,850 ಕಿ.ಮೀ. ಉದ್ದದ ಮರಳ ದಾರಿ. ನಡುವೆ ಇಂಧನಕ್ಕೆ ನಂಬಬಹುದಾದ ಜಾಗ ಕುನವಾರಿಟ್ಜಿ ಒಂದೇ. ಮರಳಲ್ಲಿ ಮೈಲೇಜ್ ಅರ್ಧಕ್ಕೆ ಬರುತ್ತದೆ. ಅಲ್ಲಿ ದೊಡ್ಡ ಟ್ಯಾಂಕ್ ಇಲ್ಲದೆ ಹೊರಡುವುದು ಜೀವಕ್ಕೆ ಅಪಾಯ. ಲಾಂಗ್ ರೇಂಜರ್, ಬ್ರೌನ್ ಡೇವಿಸ್, ಎಆರ್‌ಬಿ ಮುಂತಾದ ಹೆಸರುಗಳು ಬೆಳೆದದ್ದು ಈ ಅಗತ್ಯದಿಂದ. ಅಮೆರಿಕದ ಕಾರಣ ಬೇರೆ. ಅಲ್ಲಿ ಫೋರ್ಡ್, ರ‍್ಯಾಮ್, ಷೆವ್ರೊಲೆಯ ದೊಡ್ಡ ಡೀಸೆಲ್ ಪಿಕಪ್‌ಗಳು ಹಲವು ಟನ್‌ಗಳ ಟ್ರೇಲರ್ ಎಳೆಯುತ್ತವೆ. ಎಳೆಯುವಾಗ ಮೈಲೇಜ್ ಅರ್ಧವಾಗುತ್ತದೆ, ಟ್ರೇಲರ್ ಸಮೇತ ಸಣ್ಣ ಬಂಕಿನೊಳಗೆ ತಿರುಗಿಸುವುದೂ ಕಷ್ಟ. ಟೈಟನ್, ಎಸ್ ಆಂಡ್ ಬಿ ಕಂಪನಿಗಳು ದಪ್ಪ ಕ್ರಾಸ್‌ಲಿಂಕ್ಡ್ ಪಾಲಿಥಿಲೀನ್ ಟ್ಯಾಂಕ್‌ಗಳನ್ನೂ ಟ್ರಾನ್ಸ್‌ಫರ್ ಫ್ಲೋ ಕಂಪನಿ ಅಲ್ಯುಮಿನೈಸ್ಡ್ ಉಕ್ಕಿನ ಟ್ಯಾಂಕ್‌ಗಳನ್ನೂ ಮಾರುತ್ತವೆ.

ಇವು ನಿರ್ದಿಷ್ಟ ಗಾಡಿ, ನಿರ್ದಿಷ್ಟ ವರ್ಷ, ನಿರ್ದಿಷ್ಟ ಬೆಡ್ (ಹಿಂಭಾಗದ ಸರಕು ತೊಟ್ಟಿ) ಉದ್ದಕ್ಕೆ ಅಚ್ಚು ಹಾಕಿದ ಕಿಟ್‌ಗಳು. ಚಾಸಿಸ್‌ನಲ್ಲಿ ಮೊದಲೇ ಇರುವ ರಂಧ್ರಗಳಿಗೆ ಕೂರುತ್ತವೆ, ಕಂಪನಿಯ ಮೂಲ ಸೆಂಡರ್ (ಡೀಸೆಲ್ ಮಟ್ಟ ಅಳೆದು ಮೀಟರಿಗೆ ತಿಳಿಸುವ ಭಾಗ) ಮತ್ತು ಡೀಸೆಲ್ ಹೀರುವ ಪೈಪನ್ನೇ ಬಳಸಿಕೊಳ್ಳುತ್ತವೆ ಅಥವಾ ಅದಕ್ಕೆ ಹೊಂದುವ ಬದಲಿ ಕೊಡುತ್ತವೆ. ಆಸ್ಟ್ರೇಲಿಯಾ, ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಇದನ್ನು ಮಾಡಿಸುವುದಿದ್ದರೆ ಅಂಥ ಕಿಟ್ ಒಂದೇ ಸರಿಯಾದ ದಾರಿ. ಅಮೆರಿಕದ ವಾಹನ ಸುರಕ್ಷತಾ ನಿಯಮ ಎಫ್‌ಎಂವಿಎಸ್‌ಎಸ್ 301 ಏನು ಕೇಳುತ್ತದೆ ಎಂದು ತಿಳಿದರೆ ಕಂಪನಿ ಟ್ಯಾಂಕ್ ಮತ್ತು ಅಂಗಡಿ ಟ್ಯಾಂಕ್ ನಡುವಿನ ಅಂತರ ಅರ್ಥವಾಗುತ್ತದೆ: ಡಿಕ್ಕಿಯ ನಂತರ ಗಾಡಿ ನಿಲ್ಲುವಷ್ಟರಲ್ಲಿ 28 ಗ್ರಾಂಗಿಂತ, ಆಮೇಲಿನ ಐದು ನಿಮಿಷದಲ್ಲಿ 142 ಗ್ರಾಂಗಿಂತ ಹೆಚ್ಚು ಇಂಧನ ಸೋರಕೂಡದು. ಬೆಂಚಿನ ಮೇಲೆ ಬೆಸೆದ ಪೆಟ್ಟಿಗೆ ಅಂಥ ಪರೀಕ್ಷೆ ಎದುರಿಸಿರುವುದಿಲ್ಲ.

ಇಲ್ಲಿನ ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ.

ಆರ್‌ಸಿಯಲ್ಲಿ ಟ್ಯಾಂಕ್ ಎಷ್ಟು ಲೀಟರಿನದು ಎಂಬ ಕಾಲಂ ಇಲ್ಲ, ಹಾಗಾಗಿ ಪರವಾಗಿಲ್ಲ ಎಂದು ಗ್ಯಾರೇಜಿನಲ್ಲಿ ಹೇಳುವುದುಂಟು. ಈ ಮಾತು ನಂಬಿ ಕೂರಬೇಡಿ. ಖಾಲಿ ತೂಕದ ಕಾಲಂ ಇದೆ, ಅದು ಬದಲಾಗುತ್ತದೆ. ಮೇಲಾಗಿ ಇಂಧನ ಟ್ಯಾಂಕ್ ಸುರಕ್ಷತೆಗೆ ಸಂಬಂಧಿಸಿದ ಭಾಗ, ತಯಾರಕರು ಅನುಮೋದನೆ ಪಡೆದೇ ಅಳವಡಿಸಿರುತ್ತಾರೆ. ಸಿಎನ್‌ಜಿ ಕಿಟ್‌ಗೆ ಅನುಮೋದಿತ ತಯಾರಕರು, ಅಧಿಕೃತ ಜೋಡಣೆ ಕೇಂದ್ರ, ಆರ್‌ಸಿಯಲ್ಲಿ ನಮೂದು ಎಂಬ ದಾರಿ ಇದೆ. ದೊಡ್ಡ ಡೀಸೆಲ್ ಟ್ಯಾಂಕ್‌ಗೆ ಅಂಥ ಸಿದ್ಧ ದಾರಿ ಇಲ್ಲ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಿಂದ ಲಿಖಿತ ಉತ್ತರ, ವಿಮಾ ಕಂಪನಿಯಿಂದ ಲಿಖಿತ ಒಪ್ಪಿಗೆ ಎರಡೂ ಕೈಯಲ್ಲಿರಬೇಕು. ಬಾಯಿಮಾತಿನ ಭರವಸೆ ಬೆಂಕಿ ಅವಘಡದ ನಂತರದ ಸರ್ವೇಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಳದಿ ಬೋರ್ಡಿನ ಗಾಡಿಯಾದರೆ ಎಫ್‌ಸಿ ಸಮಯದಲ್ಲೂ ಇದೇ ಪ್ರಶ್ನೆ ಏಳುತ್ತದೆ.

ವಿದೇಶಿ ವಿಡಿಯೊಗಳಲ್ಲಿ ಕೇಳಿಸದ ಇನ್ನೊಂದು ಸಂಗತಿ ಇದೆ. ಡೀಸೆಲ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಎಂದು ಅವರು ಹೇಳುವುದು ಅವರ ಡೀಸೆಲ್ ಬಗ್ಗೆ. ಯುರೋಪಿನ ಮಾನದಂಡದಲ್ಲಿ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ (ಅದರ ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ಅಮೆರಿಕದ ನಂ. 2 ಡೀಸೆಲ್‌ಗೆ ಕನಿಷ್ಠ 52. ನಮ್ಮ ಐಎಸ್ 1460 ಮಾನದಂಡದಲ್ಲಿ ಕನಿಷ್ಠ ಮಿತಿ 35 ಡಿಗ್ರಿ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಗಾಳಿಯೇ 40 ದಾಟಿರುತ್ತದೆ, ಎಂಜಿನ್ನಿಂದ ಹಿಂದಿರುಗುವ ಬಿಸಿ ಡೀಸೆಲ್ ಸೇರಿ ಟ್ಯಾಂಕ್ ಅದಕ್ಕಿಂತ ಬಿಸಿಯಿರುತ್ತದೆ. ಅಂದರೆ ಟ್ಯಾಂಕಿನ ಮೇಲ್ಭಾಗದ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಸ್ಥಿತಿಯಲ್ಲಿರಬಹುದು. ಟ್ಯಾಂಕಿನ ಗಾಳಿ ಹೋಗಿ ಬರುವ ವೆಂಟ್ ಪೈಪಿನ ತುದಿ ಎಲ್ಲಿದೆ, ಸೈಲೆನ್ಸರ್ ಎಷ್ಟು ದೂರ ಎಂಬುದಕ್ಕೆ ನಮ್ಮಲ್ಲಿ ಹೆಚ್ಚು ಬೆಲೆ.

ಟ್ಯಾಂಕಿನ ಒಳಗೆ

ಮೊದಲು ಗಾಳಿ. ಒಂದು ಲೀಟರ್ ಡೀಸೆಲ್ ಹೊರಗೆ ಹೋದರೆ ಒಂದು ಲೀಟರ್ ಗಾಳಿ ಒಳಗೆ ಬರಬೇಕು. ವೆಂಟ್ ಕಿರಿದಾದರೆ ಅಥವಾ ಕೆಸರು ಕಟ್ಟಿದರೆ ಒಳಗೆ ನಿರ್ವಾತ ಕಟ್ಟುತ್ತದೆ. ಗಾಡಿ ಒಂದು ಗಂಟೆ ಚೆನ್ನಾಗಿ ಓಡಿ, ಚಾರ್ಮಾಡಿ ಏರುವಾಗ ದಮ್ಮು ಕಳೆದುಕೊಳ್ಳುತ್ತದೆ. ಸ್ಕ್ಯಾನರ್ ಪಿ0087 ಎಂದು, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ (ರೈಲ್) ಒತ್ತಡ ಕಡಿಮೆ ಎಂದು ತೋರಿಸುತ್ತದೆ. ಮೆಕ್ಯಾನಿಕ್ ಹೈ ಪ್ರೆಶರ್ ಪಂಪ್ ಬಿಚ್ಚುವ ಮಾತಾಡುತ್ತಾನೆ. ಅದಕ್ಕೂ ಮೊದಲು ಡೀಸೆಲ್ ಮುಚ್ಚಳ ಸಡಿಲಿಸಿ ನೋಡಬೇಕು. ಉಸ್ ಎಂದು ಗಾಳಿ ಒಳನುಗ್ಗಿ ಗಾಡಿ ಸರಿಹೋದರೆ ತಪ್ಪು ವೆಂಟ್‌ನದು.

ತುಂಬಿಸುವಾಗಲೂ ಅದೇ ಗಾಳಿ ತೊಂದರೆ ಕೊಡುತ್ತದೆ. ಬಂಕಿನ ನಳಿಗೆಯ ತುದಿಯ ಸಣ್ಣ ರಂಧ್ರ ಡೀಸೆಲ್‌ನಲ್ಲಿ ಮುಳುಗಿದೊಡನೆ ಅದು ತಾನಾಗಿ ನಿಲ್ಲುತ್ತದೆ. ಡೀಸೆಲ್ ತುಂಬುವ ಫಿಲ್ಲರ್ ಹೋಸ್ ಎಲ್ಲಾದರೂ ಜೋತುಬಿದ್ದು ಅಲ್ಲಿ ಡೀಸೆಲ್ ನಿಂತರೆ, ಅಥವಾ ಹೊರಹೋಗುವ ಗಾಳಿಯ ಹೋಸ್ ಟ್ಯಾಂಕಿನ ಅತಿ ಎತ್ತರದ ಬಿಂದುವಿನಲ್ಲಿ ಇಲ್ಲದಿದ್ದರೆ, ಪ್ರತಿ ಐದು ಲೀಟರಿಗೊಮ್ಮೆ ಟಕ್ ಎಂದು ನಿಲ್ಲುತ್ತಾ ಹೋಗುತ್ತದೆ. ಫಿಲ್ಲರ್ ಹೋಸ್ ಬಾಯಿಯಿಂದ ಟ್ಯಾಂಕ್‌ವರೆಗೆ ಒಂದೇ ಸಮನೆ ಇಳಿಜಾರಾಗಿರಬೇಕು, ಗಾಳಿಯ ಹೋಸ್ ಒಂದೇ ಸಮನೆ ಏರಬೇಕು. ಇವೆರಡರ ಜೊತೆಗೆ ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ರೋಲ್‌ಓವರ್ ವಾಲ್ವ್ ಇರಲೇಬೇಕು. ಅಂಗಡಿ ಟ್ಯಾಂಕ್‌ಗಳಲ್ಲಿ ಮೊದಲು ಮಾಯವಾಗುವ ಭಾಗ ಇದೇ.

ಟ್ಯಾಂಕನ್ನು ಅಂಚಿನವರೆಗೆ ತುಂಬುವಂತೆ ಮಾಡಬಾರದು. ನೆಲದಡಿಯ ಟ್ಯಾಂಕಿನಿಂದ ತಣ್ಣಗೆ ಬಂದ 140 ಲೀಟರ್ ಡೀಸೆಲ್ 30 ಡಿಗ್ರಿ ಬಿಸಿಯಾದರೆ ಸುಮಾರು ಮೂರೂವರೆ ಲೀಟರ್ ಉಬ್ಬುತ್ತದೆ. ಅಮೆರಿಕದ ಟ್ರಕ್ ನಿಯಮ ಟ್ಯಾಂಕನ್ನು ಶೇ 95ಕ್ಕಿಂತ ಹೆಚ್ಚು ತುಂಬದಂತೆ ಕಟ್ಟಲು ಹೇಳುವುದು ಇದಕ್ಕೇ. ನಮ್ಮ 140 ಲೀಟರಿನ ಪೆಟ್ಟಿಗೆ ಹೀಗೆ 133 ಆಯಿತು.

ಇನ್ನು ಮುಳ್ಳಿನ ವಿಷಯ. ಮೂಲ ಟ್ಯಾಂಕಿನ ಆಳ 22 ಸೆಂ.ಮೀ. ಇತ್ತು, ಹೊಸದರದು 28 ಎಂದುಕೊಳ್ಳೋಣ. ಹಳೆಯ ಸೆಂಡರನ್ನೇ ಮೇಲಿನಿಂದ ಇಳಿಸಿದರೆ ಅದರ ತೇಲುಬುರುಡೆ 22 ಸೆಂ.ಮೀ.ವರೆಗೆ ಇಳಿದು ನಿಲ್ಲುತ್ತದೆ. ಮುಳ್ಳು ಖಾಲಿ ತೋರಿಸುವ ಹೊತ್ತಿಗೆ ತಳದಲ್ಲಿ ಇನ್ನೂ 6 ಸೆಂ.ಮೀ. ಡೀಸೆಲ್ ಇರುತ್ತದೆ. 100 ಗುಣಿಲೆ 50 ಗುಣಿಲೆ 6, ಅಂದರೆ 30 ಲೀಟರ್. ಮುಳ್ಳು ಸುಳ್ಳು ಹೇಳಿದರೆ ಹೇಗೋ ನಿಭಾಯಿಸಬಹುದು. ಹೀರುವ ಪೈಪೂ ಸೆಂಡರ್ ಇರುವ ಅದೇ ಜೋಡಣೆಯಲ್ಲಿ (ಮಾಡ್ಯೂಲ್) ಅಷ್ಟೇ ಉದ್ದ ಇದ್ದರೆ ಆ 30 ಲೀಟರ್ ಎಂಜಿನ್ನಿಗೆ ಸಿಗುವುದೇ ಇಲ್ಲ. ದುಡ್ಡು ಕೊಟ್ಟು 140 ಲೀಟರ್ ಟ್ಯಾಂಕ್ ಮಾಡಿಸಿ, ಸದಾ 25 ಕೆಜಿ ಸತ್ತ ಡೀಸೆಲ್ ಹೊತ್ತು, ಬಳಕೆಗೆ ಸಿಗುವುದು ನೂರರ ಮೇಲೆ ಸ್ವಲ್ಪ. ಪೈಪಿನ ತುದಿ ತಳದಿಂದ 8–10 ಮಿ.ಮೀ. ಮೇಲಿರಬೇಕು. ಅದಕ್ಕಿಂತ ಕೆಳಗಾದರೆ ತಳದ ನೀರು, ಕಸ ಹೀರುತ್ತದೆ.

ಚಾಲಕನ ಮುಂದಿನ ಮೀಟರ್ ಕ್ಲಸ್ಟರ್‌ನಲ್ಲಿ ಕಾಣುವ ‘ಇನ್ನೆಷ್ಟು ಕಿ.ಮೀ.’ ಅಂಕಿ ಕಂಪನಿಯ ಟ್ಯಾಂಕ್ ಗಾತ್ರಕ್ಕೆ ಬರೆದಿಟ್ಟ ಲೆಕ್ಕ. ಟ್ಯಾಂಕ್ ಬದಲಾದ ಮೇಲೆ ಅದನ್ನು ನಂಬುವಂತಿಲ್ಲ. ಟ್ಯಾಂಕ್ ಖಾಲಿಯಿಂದ ಶುರುಮಾಡಿ 10 ಲೀಟರಿಗೊಮ್ಮೆ ಮುಳ್ಳು ಎಲ್ಲಿದೆ ಎಂದು ಬರೆದು ಒಂದು ಚೀಟಿ ಮಾಡಿ ಗ್ಲೋವ್ ಬಾಕ್ಸ್‌ನಲ್ಲಿಟ್ಟುಕೊಳ್ಳುವುದು ಈಗಲೂ ಅತಿ ನಂಬಿಕಸ್ಥ ಉಪಾಯ.

ಮೂರನೆಯದು ಅಲೆ. ನೂರು ಕೆಜಿಗೂ ಹೆಚ್ಚು ದ್ರವ ಬ್ರೇಕ್ ಹಾಕಿದಾಗ ಮುಂದಕ್ಕೆ, ತಿರುವಿನಲ್ಲಿ ಬದಿಗೆ ನುಗ್ಗುತ್ತದೆ. ಒಳಗೆ ಉದ್ದಕ್ಕೆ ಕನಿಷ್ಠ ಎರಡು ಅಡ್ಡ ಫಲಕ ಬೇಕು. ಅವುಗಳ ಕೆಳಮೂಲೆಯಲ್ಲಿ ಡೀಸೆಲ್ ಹರಿಯಲು, ಮೇಲ್ಮೂಲೆಯಲ್ಲಿ ಗಾಳಿ ಹರಿಯಲು ಕಂಡಿ ಬಿಡಬೇಕು. ಫಲಕ ಇಲ್ಲದ ಉದ್ದನೆಯ ಟ್ಯಾಂಕ್‌ನಲ್ಲಿ ಹೀರುವ ಪೈಪ್ ಮುಂಭಾಗದಲ್ಲಿದ್ದರೆ, ಆಗುಂಬೆ ಏರುವಾಗ ಡೀಸೆಲ್ ಎಲ್ಲ ಹಿಂದಕ್ಕೆ ಹೋಗಿ ಕಾಲು ಟ್ಯಾಂಕ್ ಇರುವಾಗಲೇ ಪೈಪ್ ಗಾಳಿ ಎಳೆಯುತ್ತದೆ. ಕಂಪನಿ ಟ್ಯಾಂಕ್‌ಗಳಲ್ಲಿ ಪೈಪಿನ ಸುತ್ತ ಪುಟ್ಟ ಬಟ್ಟಲೊಂದಿದ್ದು, ಎಂಜಿನ್ನಿಂದ ಮರಳುವ ಡೀಸೆಲ್ ಅದರೊಳಗೇ ಬೀಳುತ್ತದೆ. ಇಳಿಜಾರಿನಲ್ಲೂ ಅದು ತುಂಬಿಯೇ ಇರುತ್ತದೆ. ಹೊಸ ಟ್ಯಾಂಕ್ ಮಾಡುವವರಿಗೆ ಈ ಬಟ್ಟಲಿನ ಬಗ್ಗೆ ಕೇಳಿ. ಗೊತ್ತಿಲ್ಲ ಎಂದರೆ ಆ ಅಂಗಡಿಯಿಂದ ಹೊರಟುಬಿಡಿ.

ಯಾವ ಲೋಹ, ಯಾವ ಸೀಲ್

ಜಿಐ ಶೀಟ್ (ಸತು ಲೇಪಿಸಿದ ತಗಡು) ಬೇಡವೇ ಬೇಡ. ಸತು ಡೀಸೆಲ್‌ನಲ್ಲಿರುವ ಆಮ್ಲಗಳ ಜೊತೆ ಸೇರಿ ಸಾಬೂನಿನಂಥ ಅಂಟು ಆಗುತ್ತದೆ, ಫಿಲ್ಟರ್ ದಾಟಿ ಇಂಜೆಕ್ಟರ್ ತುದಿಯಲ್ಲಿ ಕೂರುತ್ತದೆ. ತಾಮ್ರ, ಹಿತ್ತಾಳೆ ಡೀಸೆಲನ್ನು ಬೇಗ ಹಳಸುವಂತೆ ಮಾಡುತ್ತವೆ, ಅವನ್ನೂ ಬಿಡಿ. ಬರಿಯ ಎಂಎಸ್ (ಲೇಪನವಿಲ್ಲದ ಸಾಮಾನ್ಯ ಉಕ್ಕು) ಶೀಟ್‌ಗೆ ಒಳಗೆ ತುಕ್ಕು. 2 ಮಿ.ಮೀ. ಅಲ್ಯುಮಿನೈಸ್ಡ್ ಉಕ್ಕು, ಒಂದೂವರೆಯಿಂದ 2 ಮಿ.ಮೀ. 304 ಸ್ಟೇನ್‌ಲೆಸ್ ಅಥವಾ 3 ಮಿ.ಮೀ. 5052 ಅಲ್ಯುಮಿನಿಯಂ ಒಳ್ಳೆಯ ಆಯ್ಕೆಗಳು. ಅಲ್ಯುಮಿನಿಯಂ ಹಗುರ, ಆದರೆ ಪಟ್ಟಿ ತಾಗುವಲ್ಲಿ ರಬ್ಬರ್ ಇಲ್ಲದಿದ್ದರೆ ಸವೆದು ಬಿರುಕು ಬಿಡುತ್ತದೆ.

ಈಗಿನ ಕಾಮನ್‌ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ) ಎಂಜಿನ್ನುಗಳಲ್ಲಿ ಡೀಸೆಲ್ ಒತ್ತಡ 1,800 ಬಾರ್‌ನಿಂದ 2,500 ಬಾರ್‌ವರೆಗೆ ಹೋಗುತ್ತದೆ, ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್. ವೆಲ್ಡಿಂಗ್ ಹಿಟ್ಟು, ಗ್ರೈಂಡರ್ ಪುಡಿ ಅಲ್ಲಿಗೆ ತಲುಪಿದರೆ ನಾಲ್ಕೂ ಇಂಜೆಕ್ಟರ್ ಮತ್ತು ಪಂಪ್ ಹೋದ ಹಾಗೆ, ಅದರ ಬಿಲ್ ಟ್ಯಾಂಕಿನ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ. ಟ್ಯಾಂಕ್ ಮುಚ್ಚುವ ಮುನ್ನ ಒಳಗಿನ ಪ್ರತಿ ಬೆಸುಗೆಯನ್ನೂ ಉಜ್ಜಿ, ಡೀಸೆಲ್‌ನಿಂದ ಮೂರು ನಾಲ್ಕು ಸಲ ತೊಳೆದು, ಬಟ್ಟೆಯಲ್ಲಿ ಸೋಸಿ ನೋಡಬೇಕು. ನೀರಿನಿಂದ ತೊಳೆಯಬಾರದು. ಸಿಲಿಕೋನ್ ಅಂಟು ಡೀಸೆಲ್‌ನಲ್ಲಿ ಉಬ್ಬಿ ಕಿತ್ತುಬರುತ್ತದೆ, ಟೆಫ್ಲಾನ್ ಟೇಪಿನ ಚೂರು ಪಂಪಿನ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಸೀಲ್‌ಗಳು ವಿಟಾನ್ ರಬ್ಬರಿನದಾಗಿರಲಿ, ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಎಂಬ ದರ್ಜೆಯ ಮುದ್ರೆ ಇರಲಿ.

ಒಂದು ಎಚ್ಚರಿಕೆಯನ್ನು ಎಷ್ಟು ಸಲ ಹೇಳಿದರೂ ಸಾಲದು. ಹಳೆಯ ಟ್ಯಾಂಕನ್ನೇ ಕತ್ತರಿಸಿ ಉದ್ದ ಮಾಡುವ ಯೋಚನೆ ಬೇಡ. ಖಾಲಿ ಮಾಡಿ ಒಣಗಿಸಿದ ಟ್ಯಾಂಕಿನ ಮಡಿಕೆಗಳಲ್ಲೂ ಡೀಸೆಲ್ ಉಳಿದಿರುತ್ತದೆ, ವೆಲ್ಡಿಂಗ್ ಬಿಸಿಗೆ ಅದು ಆವಿಯಾಗಿ ಸ್ಫೋಟಿಸುತ್ತದೆ. ಬೆಸುಗೆ ಹಾಕುವವರು ಇದರಿಂದ ಸಾಯುತ್ತಾರೆ.

ಕೂರಿಸುವ ಕೆಲಸ

ಬೆಸುಗೆ ಗಟ್ಟಿಯಿದೆಯೇ ಎಂದು ನೋಡಲು ಟ್ಯಾಂಕ್‌ಗೆ ಗಾಳಿ ತುಂಬಿ ಸೋಪಿನ ನೀರು ಹಚ್ಚುತ್ತಾರೆ. ಗಾಳಿ 0.2 ಬಾರ್ ದಾಟಬಾರದು. ಇದು ಏನೂ ಅಲ್ಲ ಎನ್ನಿಸಬಹುದು. ಆದರೆ ನಮ್ಮ ಪೆಟ್ಟಿಗೆಯ ಮೇಲ್ಮುಖ ಅರ್ಧ ಚದರ ಮೀಟರ್ ಇದೆ, ಅದರ ಮೇಲೆ 0.2 ಬಾರ್ ಎಂದರೆ ಒಂದು ಟನ್ ಬಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೇರ ಹಚ್ಚಿದರೆ ಟ್ಯಾಂಕ್ ಉಬ್ಬಿ ಸಿಡಿಯುತ್ತದೆ.

ಹಳೆಯ ಟ್ಯಾಂಕ್ ಇಳಿಸುವ ಮೊದಲು ಡೀಸೆಲ್ 5–10 ಲೀಟರಿಗೆ ಇಳಿದಿರಲಿ. ಸಮತಟ್ಟಾದ ನೆಲ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹೋಗುವ ಪೈಪ್, ಮರಳುವ ಪೈಪ್, ವೆಂಟ್ ಮೂರಕ್ಕೂ ಬೇರೆ ಬೇರೆ ಗುರುತು ಹಚ್ಚಿ. ಹೋಗುವುದನ್ನೂ ಮರಳುವುದನ್ನೂ ಅದಲುಬದಲು ಮಾಡಿ ಪಂಪ್ ಒಣಗಿಸಿದ ಪ್ರಕರಣಗಳು ಕಡಿಮೆಯಿಲ್ಲ. ಮಾಡ್ಯೂಲ್‌ನ ಲಾಕ್ ರಿಂಗ್ ತೆಗೆಯಲು ಹಿತ್ತಾಳೆ ಉಳಿ ಬಳಸಿ, ಉಕ್ಕಿನದು ಕಿಡಿ ಹಾರಿಸುತ್ತದೆ. ಹಳೆಯ ರಿಂಗಿನ ಸೀಲ್ ಉಬ್ಬಿರುವುದರಿಂದ ಮತ್ತೆ ಕೂರುವುದಿಲ್ಲ, ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ.

ಚಾಸಿಸ್‌ನ ಮೇಲಿನ ಮತ್ತು ಕೆಳಗಿನ ಅಂಚಿಗೆ ರಂಧ್ರ ಕೊರೆಯುವುದು, ಚಾಸಿಸ್‌ಗೆ ಬ್ರಾಕೆಟ್ ವೆಲ್ಡ್ ಮಾಡುವುದು ಎರಡೂ ತಪ್ಪು. ಬಾಗುವ ಬಲ ಹೊರುವುದು ಆ ಅಂಚುಗಳೇ, ಬೆಸುಗೆಯ ಪಕ್ಕದಲ್ಲಿ ಉಕ್ಕು ಪೆಡಸಾಗಿ ಬಿರುಕು ಹುಟ್ಟುತ್ತದೆ. ನಡುವಿನ ಲಂಬ ಭಾಗದಲ್ಲಿ ಕಂಪನಿಯೇ ಬಿಟ್ಟ ರಂಧ್ರಗಳಿಗೆ ಬೋಲ್ಟ್ ಹಾಕಬೇಕು. ಪ್ರೊಪೆಲ್ಲರ್ ಶಾಫ್ಟ್‌ನಿಂದ ಕನಿಷ್ಠ 30 ಮಿ.ಮೀ. ಅಂತರ ಬೇಕು, ಅದನ್ನು ಅಳೆಯುವುದು ಸಸ್ಪೆನ್ಷನ್ ಪೂರ್ತಿ ಒತ್ತಿದಾಗ, ಜಾಕ್ ಮೇಲೆ ನೇತಾಡುವಾಗ ಅಲ್ಲ. ಬಿಎಸ್-6 ಗಾಡಿಯ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳುವಾಗ ಒಳಗೆ 600 ಡಿಗ್ರಿ ಮುಟ್ಟುತ್ತದೆ. ಆ ಬದಿಗೆ ಟ್ಯಾಂಕ್ ಹಿಗ್ಗಿಸಬಾರದು, ಕಂಪನಿಯ ಶಾಖ ತಡೆ ತಗಡನ್ನು ಜಾಗ ಸಾಲದೆಂದು ತೆಗೆದೆಸೆಯಲೂಬಾರದು. ಫಿಲ್ಲರ್ ಬಾಯಿಯಿಂದ ಚಾಸಿಸ್‌ಗೆ ಅರ್ಥಿಂಗ್ ತಂತಿ ಇರಲಿ.

ಮೊದಲ ಸಲ 20 ಲೀಟರ್ ಮಾತ್ರ ಹಾಕಿ. ಫಿಲ್ಟರ್ ಮೇಲಿನ ಕೈಪಂಪನ್ನು ಅದು ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ಹೈ ಪ್ರೆಶರ್ ಪಂಪ್‌ಗೆ ಡೀಸೆಲ್ಲೇ ಎಣ್ಣೆ, ಒಣಗಿ ತಿರುಗಿದರೆ ಗೀರು ಬೀಳುತ್ತದೆ. ಹೀರುವ ಬದಿಯ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಫಿಲ್ಟರ್‌ಗೆ ಮೊದಲು ಒಂದು ಅಡಿ ಪಾರದರ್ಶಕ ಹೋಸ್ ತಾತ್ಕಾಲಿಕವಾಗಿ ಹಾಕಿ ನೋಡಿದರೆ ಗುಳ್ಳೆ ಕಾಣುತ್ತದೆ. ಸರಿಯಿದ್ದರೆ ಫುಲ್ ಮಾಡಿಸಿ, ಗಾಡಿಯ ಮೂತಿ ಮೇಲೆ ಮಾಡಿ ಒಂದು ರಾತ್ರಿ, ಕೆಳಗೆ ಮಾಡಿ ಒಂದು ರಾತ್ರಿ ನಿಲ್ಲಿಸಿ, ಕೆಳಗೆ ರಟ್ಟು ಹಾಸಿ.

ಬೆಡ್ ಮೇಲಿನ ಎರಡನೇ ಟ್ಯಾಂಕ್

ಮೂಲ ಟ್ಯಾಂಕ್ ಮುಟ್ಟದೆ ಬೆಡ್‌ನಲ್ಲಿ ಇನ್ನೊಂದು ಟ್ಯಾಂಕ್ ಇಟ್ಟು ಫಿಲ್ಲರ್ ಹೋಸ್‌ಗೆ ‘ಟಿ’ ಆಕಾರದ ಕವಲು ಹಾಕಿ ಸೇರಿಸುವುದು ಇನ್ನೊಂದು ವಿಧಾನ. ಇದಕ್ಕೂ ಮೇಲಿನ ಕಾನೂನೇ ಅನ್ವಯ. ಅಪಾಯ ಇರುವುದು ಬರೀ ಎತ್ತರದ ಬಲದಿಂದ ಡೀಸೆಲ್ ಇಳಿಯಲು ಬಿಟ್ಟಾಗ. ಮೇಲಿನ ಟ್ಯಾಂಕ್ ಕೆಳಗಿನದರ ಮುಚ್ಚಳಕ್ಕಿಂತ ಎತ್ತರದಲ್ಲಿರುವುದರಿಂದ ಕೆಳಗಿನದು ತುಂಬಿದ ಮೇಲೂ ಡೀಸೆಲ್ ಬರುತ್ತಲೇ ಇದ್ದು, ಮುಚ್ಚಳದ ಸಂದಿನಿಂದ ಅಥವಾ ವೆಂಟ್‌ನಿಂದ ರಸ್ತೆಗೆ ಸುರಿಯುತ್ತದೆ. ಹಿಂದೆ ಬರುವ ಬೈಕಿನವರು ಜಾರುತ್ತಾರೆ. 12 ವೋಲ್ಟಿನ ಟ್ರಾನ್ಸ್‌ಫರ್ ಪಂಪ್, ಫ್ಯೂಸ್, ರಿಲೇ, ಹಿಂದಕ್ಕೆ ಹರಿಯದಂತೆ ಒಂದು ಚೆಕ್ ವಾಲ್ವ್ ಹಾಕಿ, ಕೆಳಗಿನದು ಕಾಲು ಟ್ಯಾಂಕಿಗೆ ಇಳಿದಾಗ ಮಾತ್ರ ಸ್ವಿಚ್ ಒತ್ತುವುದು ಸರಿಯಾದ ಕ್ರಮ. ನಿಮಿಷಕ್ಕೆ 3 ಲೀಟರಿನ ಪಂಪ್ 40 ಲೀಟರ್ ಇಳಿಸಲು ಸುಮಾರು 13 ನಿಮಿಷ ತೆಗೆದುಕೊಳ್ಳುತ್ತದೆ. ಸ್ವಿಚ್ ಮರೆತುಹೋಗದಂತೆ 15 ನಿಮಿಷದ ಟೈಮರ್ ಇರಲಿ.

ಟ್ಯಾಂಕ್ ದೊಡ್ಡದಾದಷ್ಟೂ ಅದನ್ನು ಅರ್ಧ ಖಾಲಿಯಾಗಿ ವಾರಗಟ್ಟಲೆ ನಿಲ್ಲಿಸುವುದು ಕೆಟ್ಟದ್ದು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಒಳಗಿನ ತೇವ ಹನಿಯಾಗಿ ತಳ ಸೇರುತ್ತದೆ, ನೀರು ಮತ್ತು ಡೀಸೆಲ್ ಸೇರುವ ಪದರದಲ್ಲಿ ಕಪ್ಪು ಲೋಳೆಯಂಥ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತದೆ. ಫಿಲ್ಟರ್ ಕೆಳಗಿನ ನೀರಿನ ಡ್ರೈನ್ ಅನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಬೇಕು, ಟ್ಯಾಂಕ್ ತಳದಲ್ಲೂ ಒಂದು ಡ್ರೈನ್ ಪ್ಲಗ್ ಇಡಿಸಬೇಕು.

ಹೊಸ ಟ್ಯಾಂಕ್ ಕೂತ ಮೇಲೆ 100 ಕಿ.ಮೀ.ಗೆ ಒಮ್ಮೆ, 500 ಕಿ.ಮೀ.ಗೆ ಇನ್ನೊಮ್ಮೆ ಪಟ್ಟಿಯ ಬೋಲ್ಟ್ ಬಿಗಿ ನೋಡಬೇಕು, ರಬ್ಬರ್ ಕುಗ್ಗಿ ಸಡಿಲಾಗಿರುತ್ತದೆ. 1,000 ಕಿ.ಮೀ. ಒಳಗೆ ಡೀಸೆಲ್ ಫಿಲ್ಟರ್ ಬದಲಿಸಿ, ತೆಗೆದದ್ದನ್ನು ಎಸೆಯದೆ ಬ್ಲೇಡಿನಿಂದ ಸೀಳಿ ಕಾಗದದ ಮಡಿಕೆಗಳನ್ನು ಬೆಳಕಿಗೆ ಹಿಡಿದು ನೋಡಿ. ಹೊಳೆಯುವ ಚೂರು, ಕಂದು ಪುಡಿ ಕಂಡರೆ ಟ್ಯಾಂಕ್ ಮತ್ತೆ ಇಳಿಸಿ ತೊಳೆಯಬೇಕು. ಅಲ್ಲಿಯವರೆಗೆ ಗಾಡಿ ಓಡಿಸಬೇಡಿ.